ಸ್ವಂತ ಟ್ರಕ್ ಇದೆ, ಯಾವ ಕ್ಯಾರಿಯರ್ (ಸರಕು ಸಾಗಣೆ ಕಂಪನಿ) ಜೊತೆ ಲೀಸ್ ಆಗಲಿ?

ಪ್ರಶ್ನೆ: ನಾನು ಹಾಸನದ ಕಡೆಯವನು. ಈಗ ಇರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ನಾಲ್ಕು ವರ್ಷದಿಂದ ಕಂಪನಿ ಡ್ರೈವರ್. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಫ್ರೈಟ್‌ಲೈನರ್ ಒಂದನ್ನು ಕೊಂಡಿದ್ದೇನೆ, ಟ್ರೇಲರ್ ಇಲ್ಲ. ಸ್ವಂತ ಅಥಾರಿಟಿ, ಅಂದರೆ ಸಾಗಣೆ ಪರವಾನಗಿ, ಮಾಡಿಸೋಣ ಅಂದರೆ ಇನ್ಶೂರೆನ್ಸ್ ರೇಟ್ ಕೇಳಿಯೇ ಸುಸ್ತಾದೆ. ಎರಡು ಕಡೆ ಮಾತಾಡಿದ್ದೇನೆ. ಒಂದು ಪರಿಚಯದವರ ಕಂಪನಿ, ಹತ್ತು ಹನ್ನೆರಡು ಟ್ರಕ್ ಇವೆ, ಲೋಡ್ ಹಣದ 78 ಪರ್ಸೆಂಟ್ ಕೊಡುತ್ತಾರಂತೆ. ಇನ್ನೊಂದು ದೊಡ್ಡ ಕಂಪನಿ, ಮೈಲಿಗೆ 1.05 ಡಾಲರ್, ಜೊತೆಗೆ ಡೀಸೆಲ್ ಬೆಲೆಗೆ ತಕ್ಕ ಹೆಚ್ಚುವರಿ ಹಣ (ಫ್ಯೂಯೆಲ್ ಸರ್‌ಚಾರ್ಜ್), ಟ್ರೇಲರ್ ಅವರದೇ. ನಿಮ್ಮ ಟ್ರಕ್ ಹಳೆಯದು, ನಮ್ಮ ಹೊಸ ಟ್ರಕ್ಕನ್ನೇ ಲೀಸ್-ಪರ್ಚೇಸ್‌ನಲ್ಲಿ, ಅಂದರೆ ನಮಗೇ ಕಂತು ಕಟ್ಟಿ ಕೊನೆಗೆ ಸ್ವಂತ ಮಾಡಿಕೊಳ್ಳುವ ಹಾಗೆ, ತೆಗೆದುಕೊಳ್ಳಿ ಅಂತಲೂ ಅವರು ಹೇಳುತ್ತಿದ್ದಾರೆ. ಉಳಿತಾಯ 9,000 ಡಾಲರ್ ಇದೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಯಾವುದು ಒಳ್ಳೆಯದು?

ಉತ್ತರ: ಲೀಸ್-ಪರ್ಚೇಸ್ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ಉಳಿದ ಎರಡರಲ್ಲಿ ಯಾವುದು ಮೇಲು ಅಂತ 78 ಮತ್ತು 1.05 ನೋಡಿ ಯಾರೂ ಹೇಳಲಾರರು. ಇಬ್ಬರಿಂದಲೂ ಎರಡು ಕಾಗದ ತರಿಸಿಕೊಳ್ಳಿ. ಒಂದು, ಸಹಿ ಹಾಕದ ಲೀಸ್ ಒಪ್ಪಂದ, ಅದರ ಹಿಂದೆ ಸೇರಿಸುವ ಎಲ್ಲ ಪಟ್ಟಿಗಳ ಸಮೇತ. ಎರಡು, ಈಗ ಅವರ ಬಳಿ ಸ್ವಂತ ಟ್ರಕ್ ಓಡಿಸುತ್ತಿರುವ ಯಾರಾದರೂ ಓನರ್-ಆಪರೇಟರ್‌ನ ನಾಲ್ಕು ವಾರದ ಸೆಟ್ಲ್‌ಮೆಂಟ್ ಶೀಟ್, ಅಂದರೆ ಗಳಿಕೆ ಮತ್ತು ಕಡಿತದ ಲೆಕ್ಕ, ಹೆಸರು ಮುಚ್ಚಿ ಕೊಟ್ಟರೂ ಸಾಕು. "ಮೊದಲು ಓರಿಯೆಂಟೇಶನ್‌ಗೆ ಬನ್ನಿ, ಅಲ್ಲೇ ಓದಿ ಸಹಿ ಹಾಕಬಹುದು" ಅಂದರೆ ಅಂಥವರನ್ನು ಅಲ್ಲಿಗೇ ಬಿಟ್ಟುಬಿಡಿ. ಬೇರೆ ಊರಿನ ಹೋಟೆಲ್‌ನಲ್ಲಿ ಕೂತು, ಕೆಲಸ ಬಿಟ್ಟು ಬಂದಾಗಿದೆ ಅನ್ನುವ ಸ್ಥಿತಿಯಲ್ಲಿ ಮೂವತ್ತು ಪುಟದ ಒಪ್ಪಂದವನ್ನು ಯಾರೂ ಸರಿಯಾಗಿ ಓದುವುದಿಲ್ಲ.

ಈ ಕಸುಬು ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ನಮ್ಮೂರಲ್ಲಿ ಲಾರಿಯನ್ನೋ ಟ್ಯಾಕ್ಸಿಯನ್ನೋ ಕಂಪನಿಗೆ ಅಟ್ಯಾಚ್ ಮಾಡುತ್ತಾರಲ್ಲ, ಇದೂ ಹೆಚ್ಚುಕಡಿಮೆ ಹಾಗೆಯೇ. ಟ್ರಕ್ಕು ನಿಮ್ಮದು, ಡೀಸೆಲ್ ನಿಮ್ಮದು, ರಿಪೇರಿ ನಿಮ್ಮದು. ಸಾಗಣೆಯ ಸರ್ಕಾರಿ ಪರವಾನಗಿ, ಅಂದರೆ ಅಥಾರಿಟಿ, ಮತ್ತು ಮುಖ್ಯ ಇನ್ಶೂರೆನ್ಸ್ ಕ್ಯಾರಿಯರ್‌ದು. ಬಾಗಿಲ ಮೇಲೆ ಅವರ ಹೆಸರು, ಸಾರಿಗೆ ಇಲಾಖೆ ಅವರಿಗೆ ಕೊಟ್ಟ ಡಾಟ್ ನಂಬರ್. ಒಂದು ವ್ಯತ್ಯಾಸ ಇದೆ. ಅಮೆರಿಕದಲ್ಲಿ ಈ ಒಪ್ಪಂದ ಹೇಗಿರಬೇಕು ಅಂತ ಫೆಡರಲ್ ನಿಯಮವೇ ಇದೆ, ಫೆಡರಲ್ ನಿಯಮ ಸಂಗ್ರಹದ (49 ಸಿಎಫ್‌ಆರ್) 376ನೇ ಭಾಗ. ಜನ ಅದನ್ನು ಟ್ರೂತ್ ಇನ್ ಲೀಸಿಂಗ್ ಅನ್ನುತ್ತಾರೆ. ನಿಮಗೆ ಬೇಕಾದ ಭಾಗ ಅದರಲ್ಲಿ 376.12. ಕೆಲವೇ ಪುಟ, ಒಂದು ಸಂಜೆ ಸಾಕು. ಸಹಿ ಹಾಕುವ ಮೊದಲು ಓದಲೇಬೇಕು.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ನಾನು ಹಿಡಿದದ್ದು. ಕಾಗದ ಕೈಗೆ ಬಂದ ಮೇಲೆ ನಿಮ್ಮ ಅಂಕಿ ಹಾಕಿಕೊಳ್ಳಿ. ವಾರಕ್ಕೆ 2,500 ಮೈಲಿ ಓಡುತ್ತೀರಿ, ಅದರಲ್ಲಿ 2,150 ಲೋಡ್ ಇರುವುದು, 350 ಖಾಲಿ ಅಂತ ಇಟ್ಟುಕೊಳ್ಳಿ. ಪರಿಚಯದವರ ಕಂಪನಿಯಲ್ಲಿ ಲೋಡ್ ಮೈಲಿಗೆ ಸರಾಸರಿ 2.30 ಡಾಲರ್ ಸಿಕ್ಕರೆ ವಾರದ ಬಿಲ್ 4,945. ಅದರ 78 ಪರ್ಸೆಂಟ್ ಅಂದರೆ 3,857. ಆದರೆ ಟ್ರೇಲರ್ ಬಾಡಿಗೆ 250, ಇನ್ಶೂರೆನ್ಸ್‌ನಲ್ಲಿ ನಿಮ್ಮ ಪಾಲು 300, ಪ್ಲೇಟ್ ಮತ್ತು ಪರ್ಮಿಟ್ 45, ಇಎಲ್‌ಡಿ (ಓಡಿಸಿದ ಗಂಟೆ ದಾಖಲಿಸುವ ಯಂತ್ರ) ಮತ್ತು ಆಫೀಸ್ ಖರ್ಚು 60 ಕಳೆಯುತ್ತಾರೆ ಅಂದುಕೊಳ್ಳಿ. ಒಟ್ಟು 655. ಉಳಿದದ್ದು 3,202.

ದೊಡ್ಡ ಕಂಪನಿಯಲ್ಲಿ 2,500 ಮೈಲಿಗೆ 1.05ರಂತೆ 2,625. ಸರ್‌ಚಾರ್ಜ್ ಲೋಡ್ ಮೈಲಿಗೆ ಮಾತ್ರ 38 ಸೆಂಟ್ ಅಂದರೆ 817. ಪ್ಲೇಟು ಮತ್ತಿತರ ಸಣ್ಣ ಖರ್ಚು 40 ಕಳೆದರೆ 3,402. ಕೇಳಲು ಕಡಿಮೆ ಅನ್ನಿಸಿದ ಆಫರೇ ವಾರಕ್ಕೆ 200 ಡಾಲರ್ ಜಾಸ್ತಿ ಕೊಟ್ಟಿತು. ಡೀಸೆಲ್, ಟ್ರಕ್ ಸಾಲ, ರಿಪೇರಿ ಎರಡು ಕಡೆಯೂ ಒಂದೇ, ಅದಕ್ಕೆ ಇಲ್ಲಿ ಸೇರಿಸಿಲ್ಲ.

ಆದರೆ ಅದೇ ಲೋಡ್ ಮೈಲಿಗೆ 2.70 ಸಿಕ್ಕರೆ? ಬಿಲ್ 5,805, ನಿಮ್ಮ ಪಾಲು 4,528, ಕಳೆದು ಉಳಿಯುವುದು 3,873. ಆಗ ಪರ್ಸೆಂಟೇ ಮೇಲು, 470 ಡಾಲರ್ ಲಾಭ. ಈ ಅಂಕಿಗಳಲ್ಲಿ ಎರಡೂ ಸರಿಸಮ ಆಗುವುದು 2.42ರ ಹತ್ತಿರ. ಹಾಗಾಗಿ ಮೊದಲು ಕೇಳಬೇಕಾದ್ದು ಇದು: ನೀವು ಓಡುವ ರೂಟಿನಲ್ಲಿ ಈ ಕಂಪನಿಗೆ ಮೈಲಿಗೆ ಎಷ್ಟು ಸಿಗುತ್ತಿದೆ? ಮಾತಿನಲ್ಲಿ ಹೇಳುವ ಸರಾಸರಿ ಬೇಡ, ಶೀಟ್ ತೋರಿಸಲಿ. ಪರ್ಸೆಂಟ್ ಒಪ್ಪಂದದಲ್ಲಿ ಮಾರುಕಟ್ಟೆ ಏರಿದರೂ ಇಳಿದರೂ ಅದು ನಿಮ್ಮದೇ. ಮೈಲಿ ಲೆಕ್ಕದಲ್ಲಿ ಆ ಏರಿಳಿತ ಬಹುಮಟ್ಟಿಗೆ ಕಂಪನಿಯ ತಲೆಯ ಮೇಲೆ.

ಇನ್ನೊಂದು ಪೆಟ್ಟು ಎಲ್ಲಿ ಬೀಳುತ್ತದೆ ಗೊತ್ತಾ? 78 ಪರ್ಸೆಂಟ್ ಸರಿ, ಆದರೆ ಯಾವ ಮೊತ್ತದ ಮೇಲೆ? ಎಷ್ಟೋ ಕ್ಯಾರಿಯರ್‌ಗಳಿಗೆ ಪಕ್ಕದ ರೂಮಿನಲ್ಲೇ ಒಂದು ಬ್ರೋಕರ್ ಕಂಪನಿ, ಅಂದರೆ ಗಿರಾಕಿಗೂ ಕ್ಯಾರಿಯರ್‌ಗೂ ನಡುವಿನ ದಲ್ಲಾಳಿ, ಇರುತ್ತದೆ, ಮಾಲೀಕರು ಅವರೇ. ಗಿರಾಕಿ ಕೊಟ್ಟ 5,805ರಲ್ಲಿ ಆ ಬ್ರೋಕರ್ ಕಂಪನಿ ಮೊದಲು 15 ಪರ್ಸೆಂಟ್ ತೆಗೆದುಕೊಂಡು, ಉಳಿದ 4,934ರ ಮೇಲೆ ನಿಮಗೆ 78 ಲೆಕ್ಕ ಹಾಕಿದರೆ ಸಿಗುವುದು 3,849. ಅಂದರೆ ಗಿರಾಕಿ ಕೊಟ್ಟ ಹಣದ 66 ಪರ್ಸೆಂಟ್ ಚಿಲ್ಲರೆ. ಮತ್ತೆ 655 ಕಳೆಯಿರಿ. ಇದರಲ್ಲಿ ಕಾನೂನು ಮುರಿದಂತೆ ಆಗಬೇಕಾಗಿಲ್ಲ, ಒಪ್ಪಂದದಲ್ಲಿ ಹಾಗೇ ಬರೆದಿರಬಹುದು. ಅದಕ್ಕೇ ಹೇಳಿದ್ದು ಓದಿ ಅಂತ.

ಇಲ್ಲಿ ನಿಯಮ ನಿಮ್ಮ ಕಡೆ ಇದೆ. ಪರ್ಸೆಂಟ್ ಲೆಕ್ಕದ ಒಪ್ಪಂದವಾದರೆ, ಸೆಟ್ಲ್‌ಮೆಂಟ್ ಕೊಡುವ ಹೊತ್ತಿಗೆ ಅಥವಾ ಅದಕ್ಕೂ ಮುಂಚೆ, ದರ ನಮೂದಿಸಿದ ಫ್ರೈಟ್ ಬಿಲ್ಲಿನ, ಅಂದರೆ ಸಾಗಣೆಯ ಬಿಲ್ಲಿನ, ನಕಲನ್ನು ಕ್ಯಾರಿಯರ್ ಕೊಡಬೇಕು ಅಂತ 376.12 ಹೇಳುತ್ತದೆ. ಗಿರಾಕಿಯ ಹೆಸರನ್ನು ಅಳಿಸಬಹುದು, ಮೊತ್ತವನ್ನು ಅಳಿಸುವ ಹಾಗಿಲ್ಲ. ಬ್ರೋಕರ್ ಜೊತೆ ದರ ಒಪ್ಪಿಕೊಂಡ ಪತ್ರ (ರೇಟ್ ಕನ್ಫರ್ಮೇಶನ್) ಕೂಡ ಪ್ರತಿ ಲೋಡಿಗೆ ಕೊಡುತ್ತೀರಾ, ನಿಮ್ಮದೇ ಬ್ರೋಕರ್ ಕಂಪನಿ ಇದೆಯಾ, ಅಂತ ಎರಡು ಸಾಲಿನ ಈಮೇಲ್ ಹಾಕಿ. ಉತ್ತರ ಬರವಣಿಗೆಯಲ್ಲೇ ಬರಲಿ.

ಮೈಲಿ ಲೆಕ್ಕದಲ್ಲೂ ಇಂಥದ್ದೇ ಇದೆ. ಯಾವ ಮೈಲಿ? ಕೆಲವರು ಹಳೆಯ ಹೌಸ್‌ಹೋಲ್ಡ್ ಗೂಡ್ಸ್ ಮೈಲಿ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಓಡೋಮೀಟರ್ ತೋರಿಸುವುದಕ್ಕಿಂತ ಅದು ಕಡಿಮೆಯೇ ಬರುತ್ತದೆ. ಪ್ರ್ಯಾಕ್ಟಿಕಲ್ ಮೈಲಿ ಅಂದರೆ ಟ್ರಕ್ ನಿಜವಾಗಿ ಹೋಗುವ ರಸ್ತೆಗೆ ಹತ್ತಿರ. ಖಾಲಿ ಮೈಲಿಗೂ ಅದೇ 1.05 ಉಂಟಾ ಅಂತ ಕೇಳಿ. ಸರ್‌ಚಾರ್ಜ್ ಹೇಗೆ ಬರುತ್ತದೆ ಅಂತಲೂ ಕೇಳಿ. ಸಾಮಾನ್ಯವಾಗಿ ಇಂಧನ ಇಲಾಖೆ ವಾರಕ್ಕೊಮ್ಮೆ ಪ್ರಕಟಿಸುವ ಡೀಸೆಲ್ ಸರಾಸರಿ ಬೆಲೆಯಿಂದ ಒಂದು ಮೂಲ ಬೆಲೆ ಕಳೆದು, ಮೈಲೇಜಿನಿಂದ ಭಾಗಿಸುತ್ತಾರೆ. ಡೀಸೆಲ್ 3.70, ಮೂಲ ಬೆಲೆ 1.25, ಮೈಲೇಜ್ 6.5 ಆದರೆ ಮೈಲಿಗೆ 38 ಸೆಂಟ್. ಮೂಲ ಬೆಲೆ ಎಷ್ಟು ಮೇಲಿಟ್ಟರೆ ಅಷ್ಟು ಕಡಿಮೆ ನಿಮಗೆ. ನಿಮ್ಮ ಟ್ರಕ್ 7 ಮೈಲಿ ಕೊಟ್ಟರೆ ಉಳಿತಾಯ ನಿಮ್ಮದು, 6 ಕೊಟ್ಟರೆ ನಷ್ಟ ನಿಮ್ಮದು. ಫ್ಯೂಯೆಲ್ ಕಾರ್ಡಿನಲ್ಲಿ ಸಿಗುವ ರಿಯಾಯಿತಿ ಪೂರ್ತಿ ನಿಮಗೆ ಬರುತ್ತದಾ, ಅರ್ಧ ಆಫೀಸಿನಲ್ಲೇ ಉಳಿಯುತ್ತದಾ ಅನ್ನುವುದೂ ಸಣ್ಣ ವಿಷಯ ಅಲ್ಲ. ವಾರಕ್ಕೆ 380 ಗ್ಯಾಲನ್ ಹಾಕಿಸುವವರಿಗೆ ಗ್ಯಾಲನ್ನಿಗೆ 30 ಸೆಂಟ್ ಅಂದರೆ 114 ಡಾಲರ್.

ಕಡಿತಗಳ ಬಗ್ಗೆ ನಿಯಮ ಇಷ್ಟು ಹೇಳುತ್ತದೆ: ಯಾವ ಯಾವ ಬಾಬ್ತಿಗೆ ಕಳೆಯುತ್ತಾರೆ, ಆ ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ, ಎರಡೂ ಒಪ್ಪಂದದಲ್ಲೇ ಇರಬೇಕು. ಸರಿಯಾಗಿದೆಯಾ ಅಂತ ನೋಡಲು ಬೇಕಾದ ದಾಖಲೆ ಕೊಡಬೇಕು. ಟೈರು, ಟ್ರೇಲರು, ಇನ್ಶೂರೆನ್ಸು ಯಾವುದನ್ನೂ ನಮ್ಮಿಂದಲೇ ಕೊಂಡರೆ ಮಾತ್ರ ಲೀಸ್ ಅಂತ ಷರತ್ತು ಹಾಕುವಂತಿಲ್ಲ. "ಇತರೆ ಖರ್ಚು" ಅಂತ ಒಂದು ಸಾಲು ಕಂಡರೆ ಅದನ್ನು ಒಡೆದು ಬರೆಯಲು ಹೇಳಿ.

ಇನ್ಶೂರೆನ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಲೋಡ್ ಕೆಲಸದಲ್ಲಿರುವಾಗ ಬೇರೆಯವರಿಗೆ ಆಗುವ ಹಾನಿಗೆ ಇನ್ಶೂರೆನ್ಸ್ ಇಡಬೇಕಾದ್ದು ಕ್ಯಾರಿಯರ್‌ನ ಕಾನೂನು ಹೊಣೆ. ಸಾಮಾನ್ಯ ಸರಕಿಗೆ ಫೆಡರಲ್ ಕನಿಷ್ಠ ಮಿತಿ 7,50,000 ಡಾಲರ್, ಬ್ರೋಕರ್‌ಗಳು ಹೆಚ್ಚಾಗಿ 10 ಲಕ್ಷ ಕೇಳುತ್ತಾರೆ. ನೀವು ಡಿಸ್ಪ್ಯಾಚ್‌ನಲ್ಲಿ (ಕಂಪನಿ ಕಳಿಸಿದ ಕೆಲಸದಲ್ಲಿ) ಇಲ್ಲದಾಗ, ಅಂದರೆ ಟ್ರಕ್ಕಿನಲ್ಲೇ ಸ್ವಂತ ಕೆಲಸಕ್ಕೆ ಹೋದಾಗ, ಅದು ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ನಾನ್-ಟ್ರಕಿಂಗ್ ಪಾಲಿಸಿ ಬೇರೆ. ನಿಮ್ಮ ಟ್ರಕ್ಕಿಗೇ ಆಗುವ ಹಾನಿಗೆ ಫಿಸಿಕಲ್ ಡ್ಯಾಮೇಜ್ ಪಾಲಿಸಿ ಬೇರೆ, ಸಾಲ ಕೊಟ್ಟವರು ಅದನ್ನು ಕೇಳಿಯೇ ಕೇಳುತ್ತಾರೆ. ನಿಮಗೇ ಪೆಟ್ಟಾದರೆ ಕಂಪನಿ ಡ್ರೈವರ್‌ಗೆ ಇದ್ದ ವರ್ಕರ್ಸ್ ಕಾಂಪ್, ಅಂದರೆ ಕೆಲಸದಲ್ಲಿ ಪೆಟ್ಟಾದರೆ ಸಿಗುವ ಪರಿಹಾರ, ಇನ್ನು ಇಲ್ಲ. ಆಕ್ಯುಪೇಶನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸಿಕೊಳ್ಳಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ ಅಂದಿರಲ್ಲ, ಇದರಲ್ಲಿ ಹಣ ಉಳಿಸಲು ಹೋಗಬೇಡಿ.

ನನ್ನನ್ನು ಕೇಳಿದರೆ ಒಪ್ಪಂದದಲ್ಲಿ ಮೊದಲು ಓದಬೇಕಾದ್ದು ಬಿಟ್ಟುಹೋಗುವ ಭಾಗ. ಎಷ್ಟು ದಿನದ ನೋಟಿಸ್? ನಾಳೆಯೇ ಬಿಟ್ಟರೆ ಏನು ದಂಡ? ಎಸ್ಕ್ರೋ ಅಂತ ವಾರ ವಾರ ಹಿಡಿದುಕೊಳ್ಳುವ ಠೇವಣಿ ಸಾಮಾನ್ಯವಾಗಿ ಸಾವಿರದಿಂದ ಎರಡೂವರೆ ಸಾವಿರ ಡಾಲರ್. ಅದನ್ನು ಯಾವುದಕ್ಕೆ ಬಳಸಬಹುದು ಅಂತ ಒಪ್ಪಂದದಲ್ಲಿ ಹೆಸರಿಸಿರಬೇಕು. ಕೇಳಿದಾಗ ಲೆಕ್ಕ ಕೊಡಬೇಕು. ಅದರ ಮೇಲೆ ಕನಿಷ್ಠ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡಬೇಕು. ಲೀಸ್ ಮುಗಿದ 45 ದಿನದೊಳಗೆ ಲೆಕ್ಕ ಚುಕ್ತಾ ಮಾಡಿ ವಾಪಸ್ ಕೊಡಬೇಕು. ಬಡ್ಡಿಯ ಮಾತು ಎತ್ತಿದಾಗ ಆಫೀಸಿನವರ ಮುಖ ನೋಡಿ. ಈ ನಿಯಮ ಓದಿದವರು ಯಾರು, ಓದದವರು ಯಾರು ಅಂತ ಅಲ್ಲೇ ತಿಳಿಯುತ್ತದೆ.

ಕೊನೆಯ ಪೇಮೆಂಟ್ ಕೂಡ ಹೀಗೆಯೇ. ಲಾಗ್ (ಓಡಿಸಿದ ಗಂಟೆಗಳ ದಾಖಲೆ) ಮತ್ತು ಗಿರಾಕಿಯಿಂದ ಹಣ ಪಡೆಯಲು ಬೇಕಾದ ದಾಖಲೆ ಕೊಟ್ಟ 15 ದಿನದೊಳಗೆ ಹಣ ಬರಬೇಕು. ಬಿಲ್ ಆಫ್ ಲೇಡಿಂಗ್ (ಸರಕಿನ ಜೊತೆ ಹೋಗುವ ಕಾಗದ) ಮೇಲೆ ಗೋದಾಮಿನವರು ಏನೋ ಟಿಪ್ಪಣಿ ಬರೆದಿದ್ದಾರೆ, ಅದಕ್ಕೆ ಪೇಮೆಂಟ್ ಇಲ್ಲ ಅನ್ನುವ ಹಾಗಿಲ್ಲ. ಆದರೆ ಬಿಟ್ಟುಹೋಗುವಾಗ ಬಾಗಿಲಿನ ಬೋರ್ಡು, ಸ್ಟಿಕರು ತೆಗೆದು ಕೊಡುವವರೆಗೆ ಪೇಮೆಂಟ್ ತಡೆಯುತ್ತೇವೆ ಅಂತ ಒಪ್ಪಂದದಲ್ಲಿ ಬರೆಯಬಹುದು. ಹಾಗಾಗಿ ಎಲ್ಲವನ್ನೂ ಫೋಟೋ ತೆಗೆದು, ರಸೀದಿ ಬರುವ ಹಾಗೆ ಕಳಿಸಿ. ಪ್ಲೇಟ್ ಅವರ ಹೆಸರಿನಲ್ಲಿದ್ದರೆ ಅದೂ ವಾಪಸ್ ಹೋಗುತ್ತದೆ. ಹೊಸ ಪ್ಲೇಟ್ ಬರುವವರೆಗೆ ಟ್ರಕ್ ಮನೆ ಮುಂದೆ ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆ ದಿನಗಳ ಖರ್ಚಿಗೆ ಹಣ ಎತ್ತಿಟ್ಟಿರಿ.

ಕಂಪನಿ ಹೇಗಿದೆ ಅಂತ ನೋಡಲು ಟ್ರಕ್ ಸುರಕ್ಷತೆಯ ಫೆಡರಲ್ ಸಂಸ್ಥೆ ಎಫ್‌ಎಂಸಿಎಸ್‌ಎಯ ಸೇಫರ್ ತಾಣದಲ್ಲಿ ಡಾಟ್ ನಂಬರ್ ಹಾಕಿ. ಬಿಟ್ಟಿ ಸಿಗುತ್ತದೆ. ಹಿಂದಿನ 24 ತಿಂಗಳಲ್ಲಿ ಎಷ್ಟು ತಪಾಸಣೆ ಆಯಿತು, ಅದರಲ್ಲಿ ಎಷ್ಟು ಸಲ ವಾಹನವನ್ನೋ ಡ್ರೈವರನ್ನೋ ಅಲ್ಲೇ ನಿಲ್ಲಿಸಿದರು, ರಾಷ್ಟ್ರೀಯ ಸರಾಸರಿ ಎಷ್ಟು, ಎಲ್ಲ ಒಂದೇ ಪುಟದಲ್ಲಿ ಇರುತ್ತದೆ. ವಾಹನಕ್ಕೆ ಸರಾಸರಿ 22 ಪರ್ಸೆಂಟ್ ಆಸುಪಾಸು, ಡ್ರೈವರ್‌ಗೆ 7ಕ್ಕಿಂತ ಸ್ವಲ್ಪ ಕಡಿಮೆ. ಹನ್ನೆರಡು ಟ್ರಕ್ಕಿನ ಕಂಪನಿಯಲ್ಲಿ ನಾಲ್ಕು ತಪಾಸಣೆಯಲ್ಲಿ ಎರಡು ಫೇಲಾದರೂ 50 ಪರ್ಸೆಂಟ್ ಕಾಣಿಸುತ್ತದೆ. ಹಾಗಾಗಿ ಪರ್ಸೆಂಟ್ ನೋಡಿ ಹೆದರುವ ಮೊದಲು ಏನು ತಪ್ಪಿಗೆ ನಿಲ್ಲಿಸಿದರು ಅಂತ ನೋಡಿ. ಲೈಟು ಹೋಗಿತ್ತು ಅಂದರೆ ಒಂದು ಕಥೆ, ಲಾಗ್ ಸುಳ್ಳು ಅಂದರೆ ಬೇರೆ ಕಥೆ. ಅವರ ದಾಖಲೆ ಕೆಟ್ಟಿದ್ದರೆ ತೂಕದ ಸ್ಟೇಷನ್ನಿನಲ್ಲಿ ನಿಮ್ಮನ್ನೂ ಒಳಗೆ ಕರೆಯುತ್ತಾರೆ, ಒಳ್ಳೆಯ ಬ್ರೋಕರ್‌ಗಳು ಲೋಡ್ ಕೊಡುವುದಿಲ್ಲ. ಇನ್ಶೂರೆನ್ಸ್ ಪದೇ ಪದೇ ರದ್ದಾಗಿ ಮತ್ತೆ ಶುರುವಾಗಿದೆಯಾ ಅಂತಲೂ ಅದೇ ಸಂಸ್ಥೆಯ ಲೈಸೆನ್ಸಿಂಗ್ ಪುಟದಲ್ಲಿ ತಿಳಿಯುತ್ತದೆ. ಹಾಗೆ ಕಂಡರೆ ಹಣದ ತಾಪತ್ರಯ ಇದೆ ಅಂತಲೇ ಲೆಕ್ಕ.

ದೊಡ್ಡದು ಅಂದ ಮಾತ್ರಕ್ಕೆ ಭದ್ರ ಅಂತ ಅಲ್ಲ. 2009ರ ಡಿಸೆಂಬರ್‌ನಲ್ಲಿ ಟಲ್ಸಾದ ಆ್ಯರೋ ಟ್ರಕಿಂಗ್ ಕಂಪನಿ ಕ್ರಿಸ್ಮಸ್ ಹೊತ್ತಿಗೆ ಬಾಗಿಲು ಮುಚ್ಚಿತು. ಫ್ಯೂಯೆಲ್ ಕಾರ್ಡ್ ಕೆಲಸ ಮಾಡದೆ ಡ್ರೈವರ್‌ಗಳು ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡರು. 2019ರ ಡಿಸೆಂಬರ್‌ನಲ್ಲಿ ಇಂಡಿಯಾನಾಪೊಲಿಸ್‌ನ ಸೆಲಾಡಾನ್, ಸಾವಿರಾರು ಡ್ರೈವರ್‌ಗಳಿದ್ದ ಕಂಪನಿ, ದಿವಾಳಿಯಾಯಿತು. ಯಾವ ಕಂಪನಿಗೆ ಹೋದರೂ ಮನೆಗೆ ವಾಪಸ್ ಬರುವಷ್ಟು ಡೀಸೆಲ್ ಹಣ ನಿಮ್ಮದೇ ಕಾರ್ಡಿನಲ್ಲಿ ಇರಲಿ.

ಪರಿಚಯದವರ ಕಂಪನಿ ಅಂದಿರಿ. ಇಲ್ಲಿ ಕಷ್ಟ ಬೇರೆಯದೇ. ದೇವಸ್ಥಾನದಲ್ಲೋ ಯುಗಾದಿ ಊಟದಲ್ಲೋ ಸಿಗುವವರ ಬಳಿ "ಲೀಸ್ ತೋರಿಸಿ, ಫ್ರೈಟ್ ಬಿಲ್ ತೋರಿಸಿ" ಅನ್ನಲು ನಾಚಿಕೆ ಆಗುತ್ತದೆ. "ನಮ್ಮ ನಡುವೆ ಕಾಗದ ಯಾಕೆ" ಅಂತ ಅವರೂ ಅಂದಾರು. ಲಿಖಿತ ಲೀಸ್ ಇಲ್ಲದೆ, ಅದರ ನಕಲೋ ಅದರ ಬದಲು ನಿಯಮ ಒಪ್ಪುವ ಹೇಳಿಕೆ ಪತ್ರವೋ ಟ್ರಕ್ಕಿನಲ್ಲಿ ಇಲ್ಲದೆ ಅವರ ಅಥಾರಿಟಿಯಲ್ಲಿ ಓಡುವುದು ನಿಯಮಕ್ಕೆ ವಿರುದ್ಧ. ತಪಾಸಣೆಯಲ್ಲಿ ಸಿಕ್ಕರೆ ತೊಂದರೆ ಅವರಿಗೂ ಇದೆ. "ಬ್ಯಾಂಕಿನವರು ಕೇಳುತ್ತಿದ್ದಾರೆ, ಅಕೌಂಟೆಂಟ್ ಕೇಳುತ್ತಿದ್ದಾರೆ" ಅನ್ನಿ. ಸುಳ್ಳೇನೂ ಆಗುವುದಿಲ್ಲ, ಅವರು ಕೇಳೇ ಕೇಳುತ್ತಾರೆ. ಅಷ್ಟಕ್ಕೂ ಅವರು ಬೇಸರ ಮಾಡಿಕೊಂಡರೆ, ಆರು ತಿಂಗಳ ನಂತರ ಹಣದ ವಿಷಯಕ್ಕೆ ಮುರಿದುಕೊಳ್ಳುವುದಕ್ಕಿಂತ ಈಗ ಆಗುವ ಬೇಸರ ಚಿಕ್ಕದು.

ಈಗ ಓಡಿಸುತ್ತಿರುವ ಇಬ್ಬರು ಮೂವರು ಓನರ್-ಆಪರೇಟರ್‌ಗಳ ಜೊತೆ ಮಾತಾಡಿ. ಕಂಪನಿ ಕೊಟ್ಟ ನಂಬರಿಗಿಂತ ಟ್ರಕ್ ಸ್ಟಾಪಿನಲ್ಲಿ ಆ ಹೆಸರಿನ ಬಾಗಿಲು ಕಂಡಾಗ ಕೇಳುವುದು ಮೇಲು. ಚೆನ್ನಾಗಿದೆಯಾ ಅಂತ ಕೇಳಬೇಡಿ. ಹೋದ ತಿಂಗಳು ಎಷ್ಟು ದಿನ ಲೋಡ್ ಇಲ್ಲದೆ ಕೂತಿದ್ದಿರಿ, ಲೋಡ್ ಬೇಡ ಅಂದಾಗ ಡಿಸ್ಪ್ಯಾಚರ್ ಏನು ಮಾಡಿದರು, ಎರಡು ಗಂಟೆ ಮೀರಿ ಗೋದಾಮಿನಲ್ಲಿ ಕಾಯಿಸಿದ ಡಿಟೆನ್ಶನ್ ಹಣ ನಿಜವಾಗಿ ಬಂತಾ, ಅಂತ ಕೇಳಿ. ಲೋಡ್ ಬೇಡ ಅನ್ನುವ ಹಕ್ಕು ಇಲ್ಲದಿದ್ದರೆ ಟ್ರಕ್ ಸಾಲ ನಿಮ್ಮದು, ಯಜಮಾನಿಕೆ ಅವರದು ಅಂತಾಗುತ್ತದೆ. ಡಲ್ಲಾಸ್‌ನಲ್ಲಿರುವ ನಿಮಗೆ ಒಂದು ಅನುಕೂಲ ಇದೆ. ಮೆಕ್ಸಿಕೊ ಗಡಿಯ ಲಾರೆಡೋದಿಂದ ಐ-35 ಹೆದ್ದಾರಿಯಲ್ಲಿ ಮೇಲೆ ಬರುವ ಸರಕು ಬೇಕಾದಷ್ಟು. ಫ್ಲೋರಿಡಾಗೆ ಹೋಗುವ ಲೋಡಿಗೆ ರೇಟ್ ಚೆನ್ನಾಗಿ ಕಂಡರೆ ವಾಪಸ್ ಬರುವ ರೇಟ್ ಸೇರಿಸಿ ನೋಡಿ, ಅಲ್ಲಿಂದ ಹೊರಡುವ ಸರಕು ಕಡಿಮೆ.

ಲೀಸ್-ಪರ್ಚೇಸ್ ಯಾಕೆ ಬೇಡ ಅಂದೆ? ಅಲ್ಲಿ ಟ್ರಕ್ ಬಾಡಿಗೆ ತೆಗೆದುಕೊಳ್ಳುವವರೂ ಲೋಡ್ ಕೊಡುವವರೂ ಒಬ್ಬರೇ. ಲೋಡ್ ಕಡಿಮೆ ಮಾಡಿದರೆ ಕಂತು ಕಟ್ಟಲಾಗದು, ಟ್ರಕ್ ವಾಪಸ್, ಅದುವರೆಗೆ ಕಟ್ಟಿದ್ದೂ ಹೋಯಿತು. 2021ರ ಮೂಲಸೌಕರ್ಯ ಕಾಯ್ದೆಯ ಅಡಿ ರಚನೆಯಾದ ಟ್ರಕ್ ಲೀಸಿಂಗ್ ಟಾಸ್ಕ್ ಫೋರ್ಸ್ 2025ರ ಜನವರಿಯಲ್ಲಿ ವರದಿ ಕೊಟ್ಟಿತು. ಈ ಯೋಜನೆಗಳನ್ನು ಸುಧಾರಿಸಿ ಅನ್ನಲಿಲ್ಲ, ನಿಷೇಧಿಸಿ ಅಂತಲೇ ಹೇಳಿತು. ನಿಮ್ಮ ಫ್ರೈಟ್‌ಲೈನರ್ ಹಳೆಯದೇ ಇರಬಹುದು. ಆದರೆ ಅದು ನಿಮ್ಮ ಸಾಲದ ಮೇಲಿದೆ. ಕಂಪನಿ ಬದಲಿಸಿದರೆ ನಿಮ್ಮ ಜೊತೆಗೇ ಬರುತ್ತದೆ.

ಇದನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಅಲ್ಲಿ ಎಬಿ5 ಕಾನೂನು ಇದೆ, ಗುತ್ತಿಗೆಯಲ್ಲಿ ದುಡಿಯುವವರನ್ನು ಎಷ್ಟೋ ಸಲ ನೌಕರರು ಅಂತಲೇ ಎಣಿಸುತ್ತದೆ. ಅದನ್ನು ಟ್ರಕ್ಕಿಂಗ್‌ಗೆ ಅನ್ವಯಿಸದಂತೆ ಇದ್ದ ತಡೆಯಾಜ್ಞೆ, 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳದ ಮೇಲೆ, ಹೋಯಿತು. ಕ್ಯಾಲಿಫೋರ್ನಿಯಾ ವಿಳಾಸ ಇರುವವರನ್ನು ಎಷ್ಟೋ ಕ್ಯಾರಿಯರ್‌ಗಳು ಲೀಸ್‌ಗೆ ತೆಗೆದುಕೊಳ್ಳುವುದೇ ಇಲ್ಲ. ಅಲ್ಲಿಯವರಿಗೆ ಸ್ವಂತ ಅಥಾರಿಟಿಯ ಲೆಕ್ಕ ಬೇರೆಯೇ ಹಾಕಬೇಕಾಗುತ್ತದೆ.

ಸರಿ, ನಿಮಗೆ ಯಾವುದು? ಕಾಗದ ನೋಡದೆ ಇಷ್ಟು ಹೇಳಬಲ್ಲೆ. ಉಳಿತಾಯ 9,000. ಹಳೆಯ ಟ್ರಕ್ಕಿನ ಹೊಗೆ ಶುದ್ಧೀಕರಣ ವ್ಯವಸ್ಥೆ ಕೈಕೊಟ್ಟರೆ ಒಂದೇ ಬಿಲ್ಲಿಗೆ ಅರ್ಧ ಹೋಗಬಹುದು. ಆ ವಾರ ಟ್ರಕ್ ಗ್ಯಾರೇಜಿನಲ್ಲಿ ನಿಂತಿರುತ್ತದೆ, ಆದರೆ ಪರ್ಸೆಂಟ್ ಕಂಪನಿಯ 655 ಕಡಿತ ನಿಲ್ಲುವುದಿಲ್ಲ, ಮುಂದಿನ ವಾರದ ಶೀಟಿಗೆ ಸಾಲವಾಗಿ ಬರುತ್ತದೆ. ನಿಮ್ಮ ರೂಟಿನಲ್ಲಿ ಮೈಲಿಗೆ 2.30ರ ಆಸುಪಾಸೇ ಸಿಗುತ್ತಿದೆ ಅಂತ ಶೀಟ್ ಹೇಳಿದರೆ, ಖಾಲಿ ಮೈಲಿಗೂ ಹಣ ಕೊಡುವ, ಟ್ರೇಲರ್ ಬಾಡಿಗೆ ಇಲ್ಲದ ದೊಡ್ಡ ಕಂಪನಿಯೇ ಮೊದಲ ವರ್ಷಕ್ಕೆ ಸರಿ. ಪ್ರ್ಯಾಕ್ಟಿಕಲ್ ಮೈಲಿ, ಖಾಲಿ ಮೈಲಿ ದರ, ಮೂವತ್ತು ದಿನಕ್ಕಿಂತ ಜಾಸ್ತಿ ಇಲ್ಲದ ನೋಟಿಸ್, ಈ ಮೂರು ಒಪ್ಪಂದದಲ್ಲಿ ಇರಬೇಕು. 2.60ಕ್ಕಿಂತ ಮೇಲೆ ತಿಂಗಳುಗಟ್ಟಲೆ ಸಿಕ್ಕಿದ ಶೀಟುಗಳನ್ನು ಪರಿಚಯದವರು ತೋರಿಸಿದರೆ, ನಡುವೆ ಅವರದೇ ಬ್ರೋಕರ್ ಇಲ್ಲ ಅಂತ ಬರೆದು ಕೊಟ್ಟರೆ, ನನ್ನ ಉತ್ತರ ಬದಲಾಗುತ್ತದೆ.

ಒಪ್ಪಂದವನ್ನು ಬೇರೆಯವರಿಗೆ ತೋರಿಸಬೇಕು ಅನ್ನಿಸಿದರೆ ಮಿಸೌರಿಯ ಗ್ರೇನ್ ವ್ಯಾಲಿಯಲ್ಲಿರುವ ಓನರ್-ಆಪರೇಟರ್‌ಗಳ ಸಂಘ ಊಯಿಡಾ ಇದೆ, 1973ರಿಂದ ಇದೇ ಕೆಲಸದಲ್ಲಿದ್ದಾರೆ. ಸದಸ್ಯತ್ವದ ಹಣ ದೊಡ್ಡದಲ್ಲ.

ಸಹಿ ಹಾಕಿದ ಮೇಲೆ ನಿಮಗೆ ಬರುವುದು 1099, ಅಂದರೆ ನೌಕರರಲ್ಲದವರಿಗೆ ಕೊಡುವ ಆದಾಯದ ಫಾರ್ಮ್. ತೆರಿಗೆ ಯಾರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಸೆಲ್ಫ್-ಎಂಪ್ಲಾಯ್ಮೆಂಟ್ ತೆರಿಗೆಯೇ 15.3 ಪರ್ಸೆಂಟ್, ಅದರ ಮೇಲೆ ಆದಾಯ ತೆರಿಗೆ, ಮೂರು ತಿಂಗಳಿಗೊಮ್ಮೆ ನೀವೇ ಕಟ್ಟಬೇಕು. ಟ್ರೇಲರ್, ಸರಕು ಸೇರಿ 75,000 ಪೌಂಡ್ ಮೇಲಿನ ಟ್ರಕ್ಕಿಗೆ ಫಾರ್ಮ್ 2290ರ ಭಾರಿ ವಾಹನ ತೆರಿಗೆ 550 ಡಾಲರ್ ವರ್ಷಕ್ಕೊಮ್ಮೆ. ಇನ್ನೊಂದು, ಈಗಿನ ಕೆಲಸಕ್ಕೆ ರಾಜೀನಾಮೆ ಇನ್ನೂ ಕೊಡಬೇಡಿ. ಹೊಸ ಕ್ಯಾರಿಯರ್ ಡ್ರಗ್ ಟೆಸ್ಟ್ ಮಾಡಿಸಬೇಕು, ಡ್ರಗ್, ಮದ್ಯದ ಪರೀಕ್ಷೆಯಲ್ಲಿ ಸಿಕ್ಕ ಡ್ರೈವರ್‌ಗಳ ಫೆಡರಲ್ ದಾಖಲೆಯಲ್ಲಿ (ಕ್ಲಿಯರಿಂಗ್‌ಹೌಸ್) ನಿಮ್ಮ ಹೆಸರು ಇದೆಯಾ ನೋಡಬೇಕು, ಟ್ರಕ್ ತಪಾಸಣೆ ಆಗಬೇಕು, ಅವರ ಇನ್ಶೂರೆನ್ಸ್ ಕಂಪನಿ ನಿಮ್ಮನ್ನು ಒಪ್ಪಬೇಕು. ಎಲ್ಲ ಮುಗಿದು ಒಪ್ಪಿದ್ದೇವೆ ಅನ್ನುವ ಈಮೇಲ್ ಬಂದ ಮೇಲೆ ನೋಟಿಸ್ ಕೊಡಿ.